ಎಣ್ಣೆಯ ನಾಡಿನ ಮಗಳು

ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಪಾಠ ಓದಿದವರಲ್ಲಿ ನಾನೂ ಒಬ್ಬ. ಆ ಎಣ್ಣೆಗೂ ಒಂದು ಚರಿತ್ರೆಯುಂಟು, ಅದರಲ್ಲಿ ಸೋತವರ ಪಾಲೂ ಇದೆ ಎಂದು ನಾನು ಅರಿತದ್ದು ಬಹು ತಡವಾಗಿ, ಅಮೆರಿಕದ ಐಡಾ ಟಾರ್ಬೆಲ್ ಬರೆದುದನ್ನು ಓದಿದಾಗ.

ಆಕೆ ಹುಟ್ಟಿದುದು 1857ರಲ್ಲಿ, ಪೆನ್ಸಿಲ್ವೇನಿಯಾದ ಒಂದು ಮರದ ದಿಮ್ಮಿಗಳ ಮನೆಯಲ್ಲಿ. 1859ರಲ್ಲಿ ಟೈಟಸ್‌ವಿಲ್ ಊರಿನ ಬಳಿ ಡ್ರೇಕ್ ಎಂಬಾತ ಕೊರೆಸಿದ ಬಾವಿಯಲ್ಲಿ ಎಣ್ಣೆ ದೊರೆಯಿತು. ಐಡಾಳ ತಂದೆ ಫ್ರಾಂಕ್ಲಿನ್ ಟಾರ್ಬೆಲ್ ಮರಗೆಲಸ ಬಲ್ಲವನು. ಎಣ್ಣೆ ತುಂಬಿಡುವ ಮರದ ತೊಟ್ಟಿಗಳನ್ನು ಮಾಡಿ ಮಾರಿದ. ಮುಂದೆ ತಾನೇ ಎಣ್ಣೆ ತೆಗೆಯುವ ಸಣ್ಣ ಉತ್ಪಾದಕನಾದ.

ಬಾವಿ ತನ್ನದಾದರೆ ಸಾಕೆ? ಎಣ್ಣೆ ಪೇಟೆ ಸೇರಲು ರೈಲನ್ನು ನಂಬಬೇಕು. 1872ರಲ್ಲಿ ರೈಲು ಕಂಪನಿಗಳು ರಾಕ್‌ಫೆಲ್ಲರನೂ ಸೇರಿದ್ದ ಒಂದು ಕೂಟದೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ಅದರಂತೆ ಕ್ಲೀವ್‌ಲೆಂಡಿಗೆ ಪೀಪಾಯಿಯೊಂದಕ್ಕೆ ಸಾಗಣೆ 80 ಸೆಂಟ್. ಕೂಟದವರಿಗೆ ಅದರಲ್ಲಿ 40 ಸೆಂಟ್ ಹಿಂದಕ್ಕೆ. ಹೊರಗಿನವನು ತೆತ್ತ 80ರಲ್ಲಿಯೂ 40 ಸೆಂಟ್ ಆ ಕೂಟಕ್ಕೇ ಸಲ್ಲಬೇಕು! ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಗಾದೆ. ಇಲ್ಲಿಯಾದರೋ ಸುಂಕದವನೇ ಎದುರಾಳಿಯ ಪಾಲುದಾರ.

ಗುಟ್ಟು ಬಯಲಾದೊಡನೆ ಸಣ್ಣ ಉತ್ಪಾದಕರು ಒಗ್ಗಟ್ಟಾಗಿ ಆ ಕೂಟದವರಿಗೆ ಎಣ್ಣೆ ಮಾರುವುದನ್ನೇ ನಿಲ್ಲಿಸಿದರು. ರಾಜ್ಯದ ಶಾಸನಸಭೆ ಕೂಟದ ಸನ್ನದನ್ನು ರದ್ದುಮಾಡಿತು. ಆದರೆ ಅಷ್ಟರಲ್ಲಿ ಕ್ಲೀವ್‌ಲೆಂಡಿನ 26 ಶುದ್ಧೀಕರಣಾಲಯಗಳಲ್ಲಿ 22 ರಾಕ್‌ಫೆಲ್ಲರನ ವಶವಾಗಿದ್ದವು. 14 ವರ್ಷದ ಐಡಾ ಇದನ್ನೆಲ್ಲ ತಂದೆಯ ಮುಖದಲ್ಲಿ ಕಂಡಳು. ಮುಂದೆ ತಂದೆಯ ಪಾಲುದಾರ ಆತ್ಮಹತ್ಯೆ ಮಾಡಿಕೊಂಡ; ಸಾಲ ತೀರಿಸಲು ತಂದೆ ಮನೆಯನ್ನೇ ಅಡವಿಟ್ಟ.

1880ರಲ್ಲಿ ಪದವಿ ಪಡೆದು, ಪ್ಯಾರಿಸ್ಸಿನಲ್ಲಿ ಕೆಲಕಾಲವಿದ್ದು, ನೆಪೋಲಿಯನ್ ಮತ್ತು ಲಿಂಕನ್ನರ ಚರಿತ್ರೆ ಬರೆದು ಹೆಸರಾದ ಮೇಲೆ ಐಡಾ ತನ್ನ ನಾಡಿನ ಕಥೆಗೆ ಕೈಹಾಕಿದಳು. ಪತ್ರಿಕೆಯನ್ನೇ ಹಾಳುಮಾಡಿಯಾರೆಂದು ತಂದೆ ಎಚ್ಚರಿಸಿದ. ಆಕೆ ಕೇಳಲಿಲ್ಲ. ನ್ಯಾಯಾಲಯದ ಕಡತಗಳನ್ನೂ ವಿಚಾರಣೆಯ ಸಾಕ್ಷ್ಯಗಳನ್ನೂ ಜಾಲಾಡಿ, 1902ರಿಂದ 1904ರವರೆಗೆ ಮೆಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಚರಿತ್ರೆಯನ್ನು ಬಿಡಿಸಿಟ್ಟಳು. ಮನೆಯ ನೋವು ಎದೆಯಲ್ಲಿದ್ದರೂ ಆ ಕಂಪನಿಯ ಜಾಣ್ಮೆಯನ್ನೂ ಅಚ್ಚುಕಟ್ಟನ್ನೂ ಮೆಚ್ಚಿ ಬರೆದಳು. ಆಕೆಯ ತಕರಾರು ದೊಡ್ಡತನದ ಮೇಲಲ್ಲ, ಮೋಸದ ಮೇಲೆ. ನನ್ನನ್ನು ಸೆರೆಹಿಡಿದದ್ದು ಈ ಗುಣವೇ.

ತಂದೆ 1905ರಲ್ಲಿ ತೀರಿಕೊಂಡ, ಫಲವನ್ನು ಕಾಣಲಿಲ್ಲ. 1906ರ ಹೆಪ್‌ಬರ್ನ್ ಕಾಯಿದೆಯಂತೆ ರಾಜ್ಯಗಳ ನಡುವಣ ಎಣ್ಣೆಯ ಕೊಳವೆಮಾರ್ಗಗಳು ಎಲ್ಲರ ಸರಕನ್ನೂ ಸಮನಾಗಿ ಸಾಗಿಸಬೇಕಾಯಿತು. 1911ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಸ್ಟ್ಯಾಂಡರ್ಡ್ ಆಯಿಲ್ 34 ಕಂಪನಿಗಳಾಗಿ ಒಡೆಯಿತು. ಆದರೂ ಕೊಳವೆಯ ಒಡೆಯರು ಇಷ್ಟು ಸಾವಿರ ಪೀಪಾಯಿಗೆ ಕಡಮೆಯಾದರೆ ಸಾಗಿಸೆವೆಂದು ನಿಯಮ ಮಾಡಿಕೊಂಡರು. ಕಾಯಿದೆಯಲ್ಲಿ ಬಾಗಿಲು ತೆರೆದಿತ್ತು. ಸಣ್ಣವನಿಗೆ ಹೊಸಿಲು ಎತ್ತರವಾಯಿತು.

ಐಡಾ ಟಾರ್ಬೆಲ್ 1944ರಲ್ಲಿ ಕಣ್ಮುಚ್ಚಿದಳು. ತರಗತಿಯಲ್ಲಿ ಜೀವನಚರಿತ್ರೆಯ ಪಾಠ ಬಂದಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಕಾಯಿದೆ ಸಣ್ಣವನಿಗೆ ದಯೆ ತೋರಬೇಕೆಂದು ಆಕೆ ಕೇಳಲಿಲ್ಲ. ಸುಂಕದ ಕಟ್ಟೆಯಲ್ಲಿ ಇಬ್ಬರಿಗೂ ಒಂದೇ ಲೆಕ್ಕವಿರಲಿ ಎಂದಷ್ಟೇ ಬಯಸಿದಳು.