ಕುಶಲಕರ್ಮಿಗಳ ಕೈ ಹಿಡಿದ ಸಹಕಾರಿ ಮಹಿಳೆ ಕಮಲಾದೇವಿ ಚಟ್ಟೋಪಾಧ್ಯಾಯ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಹಕಾರ ಕ್ಷೇತ್ರದ ಹಿರಿಯರೊಬ್ಬರನ್ನು ನೆನೆಯುವುದು ನಮ್ಮ ಕರ್ತವ್ಯ. ಸೊಸೈಟಿ ಅಂದ ಕೂಡಲೇ ನಮಗೆ ಸಾಲ, ಗೊಬ್ಬರ, ಪಡಿತರ ಇಷ್ಟೇ ನೆನಪಿಗೆ ಬರುತ್ತದೆ. ಆದರೆ ಇದೇ ಸಹಕಾರ ತತ್ವ ಹಿಡಿದು ಮನೆಮಠ ಕಳೆದುಕೊಂಡವರಿಗೂ, ಮೂಲೆ ಸೇರಿದ್ದ ನೇಕಾರ, ಕುಂಬಾರರಿಗೂ ದಾರಿ ಮಾಡಿಕೊಟ್ಟವರು ನಮ್ಮ ಮಂಗಳೂರಿನ ಹೆಣ್ಣುಮಗಳು ಕಮಲಾದೇವಿ ಚಟ್ಟೋಪಾಧ್ಯಾಯ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಮಗಳಿಗೆ ಬರೀ ಜೀವನಾಂಶ. ತಾಯಿ ಗಿರಿಜಾಬಾಯಿ ಅದನ್ನು ಬೇಡವೆಂದು ಬಿಟ್ಟರು. ಹಕ್ಕೇ ಬೇರೆ, ದಯೆಯಿಂದ ಕೊಡುವ ಕಾಸೇ ಬೇರೆ ಎಂಬುದನ್ನು ಮಗಳು ಮನೆಯಲ್ಲೇ ಕಂಡಳು. 14ನೇ ವಯಸ್ಸಿಗೆ ಮದುವೆಯಾಗಿ ಎರಡೇ ವರ್ಷದಲ್ಲಿ ವಿಧವೆಯಾದರು. ಆದರೂ ಓದು ಬಿಡಲಿಲ್ಲ. ಮುಂದೆ ಜನರ ಮಾತಿಗೆ ಹೆದರದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. 1926ರಲ್ಲಿ ಮದರಾಸು ಶಾಸನ ಸಭೆಗೆ ನಿಂತು ಸ್ವಲ್ಪ ಮತಗಳಲ್ಲಿ ಸೋತರು. 1930ರಲ್ಲಿ ಬೊಂಬಾಯಿಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ ಜೈಲು ಸೇರಿದರು.

1947ರಲ್ಲಿ ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಉಟ್ಟ ಬಟ್ಟೆಯಲ್ಲಿ ದೆಹಲಿಗೆ ಬಂದರು. ಎಷ್ಟು ದಿನ ಅಂತ ಪುಕ್ಕಟೆ ಪಡಿ ಕೊಟ್ಟು ಕೂರಿಸುವುದು? ದುಡಿಯುವ ಕೈಗೆ ಕೆಲಸ ಬೇಕು, ಕೆಲಸದಲ್ಲಿ ಪಾಲೂ ಬೇಕು ಎಂದು ಕಮಲಾದೇವಿಯವರು 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟ ಕಟ್ಟಿದರು. ದೆಹಲಿ ಹತ್ತಿರದ ಛತ್ತರ್‌ಪುರದಲ್ಲಿ ನಿರಾಶ್ರಿತ ರೈತರ ಸಹಕಾರಿ ಬೇಸಾಯ ಶುರುವಾಯಿತು. ಫರೀದಾಬಾದಿನಲ್ಲಿ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದವರು ತಮ್ಮ ಕೈಯಾರೆ ಹೊಸ ಊರು ಕಟ್ಟಿದಾಗ, ಅವರ ಸಹಕಾರ ಸಂಘಗಳ ಬೆನ್ನಿಗೆ ಈ ಒಕ್ಕೂಟ ನಿಂತಿತ್ತು.

ಆಮೇಲೆ ಅವರ ಗಮನ ಕುಶಲಕರ್ಮಿಗಳ ಕಡೆ ತಿರುಗಿತು. ಕೈಯಲ್ಲಿ ವಿದ್ಯೆ ಇದೆ, ಹೊಟ್ಟೆಗೆ ಹಿಟ್ಟಿಲ್ಲ. ಕಚ್ಚಾ ಮಾಲಿಗೆ ಸಾಹುಕಾರನ ಸಾಲ, ಮಾರಾಟಕ್ಕೆ ದಳ್ಳಾಳಿಯ ಬಾಗಿಲು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆದಾಗ ಅವರೇ ಅಧ್ಯಕ್ಷರಾದರು, ಬಹಳ ವರ್ಷ ದುಡಿದರು. ದೆಹಲಿಯ ಗುಡಿ ಕೈಗಾರಿಕಾ ಮಾರಾಟ ಮಳಿಗೆಯನ್ನು ಸಹಕಾರ ಒಕ್ಕೂಟವೇ ವಹಿಸಿಕೊಂಡು ಬೆಳೆಸಿತು. ಮುಂದೆ 1976ರಲ್ಲಿ ಅದು ಕೇಂದ್ರ ಸರ್ಕಾರದ ನಿಗಮವಾಯಿತು. ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಮಂಡಳಿಯ ವಿನ್ಯಾಸ ಕೇಂದ್ರಗಳಾದವು. 1965ರಿಂದ ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಬಂತು. ಕೂಲಿಯವನೆಂದು ಕರೆಸಿಕೊಳ್ಳುತ್ತಿದ್ದವನು ಕಲಾವಿದನೆಂದು ವೇದಿಕೆ ಹತ್ತಿದ.

1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಅವರ ಬಾಳಿನಿಂದ ನಾವು ಕಲಿಯಬೇಕಾದ್ದು ಒಂದಿದೆ. ಬಡವನಿಗೆ ಸಹಾಯ ಮಾಡಿದರೆ ಅದು ಖರ್ಚಾಗಿ ಹೋಗುತ್ತದೆ. ಕಚ್ಚಾ ಮಾಲು, ಸಾಲ, ಮಾರುಕಟ್ಟೆ ಈ ಮೂರೂ ಒಟ್ಟಿಗೆ ಸಿಕ್ಕರೆ ಅವನೇ ನಾಲ್ಕು ಜನಕ್ಕೆ ಕೆಲಸ ಕೊಡುತ್ತಾನೆ. ಒಂದು ತಪ್ಪಿದರೂ ಉಳಿದೆರಡು ದಂಡ. ನಮ್ಮೂರಿನಲ್ಲೂ ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರು ಇದ್ದಾರೆ. ಪಹಣಿ ಇಲ್ಲದ ಅವರಿಗೆ ಬೆಳೆ ಸಾಲ ಕೊಡಲು ಬರುವುದಿಲ್ಲ, ನಿಜ. ಆದರೆ ಅವರನ್ನು ಷೇರುದಾರರನ್ನಾಗಿ ಮಾಡಿಕೊಂಡು, ಅವರ ಮಾಲಿಗೆ ಸಂಘದ ಕಟ್ಟಡದಲ್ಲಿ ಒಂದು ಮೂಲೆ ಕೊಡುವ ವಿಚಾರವನ್ನು ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ತರಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ. ಜಮೀನು ಇದ್ದವರಿಗೆ 25 ವರ್ಷ ನೆರಳು ಕೊಟ್ಟ ಈ ಮರ, ಇಲ್ಲದವರಿಗೂ ನೆರಳಾಗಲಿ.

ಜೈ ಸಹಕಾರ.