ಬೀದಿಯಲ್ಲಿ ಮಾಸಿದ ಹೆಸರು: ಅಚ್ಯುತದೇವರಾಯ

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯಿಂದ ಹಂಪಿಗೆ ತೆರಳುವವರು ಸಾಮಾನ್ಯವಾಗಿ ವಿರೂಪಾಕ್ಷನ ದರ್ಶನ ಪಡೆದು ವಿಠ್ಠಲ ದೇವಾಲಯದತ್ತ ಸಾಗುತ್ತಾರೆ. ಮತಂಗ ಪರ್ವತದ ಮಗ್ಗುಲಿನಿಂದ ತುಂಗಭದ್ರೆಯತ್ತ ಚಾಚಿರುವ ಕಲ್ಲುಕಂಬಗಳ ಹಳೆಯ ಪೇಟೆಬೀದಿ ಹಲವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಅಚ್ಯುತಪೇಟೆ. ಜನರ ಬಾಯಲ್ಲಿ ಮಾತ್ರ ಸೂಳೆ ಬಜಾರ್. ಹೆಸರು ಕಳೆದುಕೊಂಡದ್ದು ಬೀದಿ ಮಾತ್ರವಲ್ಲ, ಅದರ ಅರಸನೂ ಹೌದು.

ಅಚ್ಯುತದೇವರಾಯ ಶ್ರೀಕೃಷ್ಣದೇವರಾಯನ ತಮ್ಮ. ಅಣ್ಣನ ಆಳ್ವಿಕೆಯಲ್ಲಿ ಚಂದ್ರಗಿರಿಯ ಕೋಟೆಯಲ್ಲಿ ಇರಿಸಲ್ಪಟ್ಟಿದ್ದ. ಎಳೆಯ ಮಗನಿಗೆ ರಾಜ್ಯಭಾರ ಅಸಾಧ್ಯವೆಂದರಿತ ಕೃಷ್ಣದೇವರಾಯ ತಮ್ಮನನ್ನೇ ಉತ್ತರಾಧಿಕಾರಿಯಾಗಿ ಹೆಸರಿಸಿದ. ಅಳಿಯ ರಾಮರಾಯ ಶಿಶುವಿನ ಪರ ನಿಂತ. ಈ ಪೈಪೋಟಿಯ ನಡುವೆಯೇ 1529ರಲ್ಲಿ ತಿರುಪತಿಯಲ್ಲಿ ಅಚ್ಯುತನ ಪಟ್ಟಾಭಿಷೇಕ ನಡೆಯಿತು.

ಪಟ್ಟವೇರುತ್ತಿದ್ದಂತೆ ಗಜಪತಿಯ ದಾಳಿ ಎದುರಾಯಿತು, ಅದನ್ನು ಹಿಮ್ಮೆಟ್ಟಿಸಲಾಯಿತು. ದಕ್ಷಿಣದಲ್ಲಿ ದಂಗೆಯೆದ್ದ ಚೆಲ್ಲಪ್ಪ ಹಾಗೂ ಅವನಿಗೆ ಆಶ್ರಯವಿತ್ತ ತಿರುವಾಂಕೂರಿನ ತಿರುವಡಿ ಸೋತರು. ವಿಜಯನಗರದ ಸೇನೆ ತಾಮ್ರಪರ್ಣಿಯವರೆಗೆ ಸಾಗಿತು. ಬಿಜಾಪುರದ ಪಾಲಾಗಿದ್ದ ರಾಯಚೂರು ಸೀಮೆಯೂ ಮರಳಿ ಕೈಸೇರಿತು.

ಮತಂಗದ ತಪ್ಪಲಿನ ತಿರುವೆಂಗಳನಾಥ ದೇವಾಲಯವನ್ನು 1534ರಲ್ಲಿ ಕಟ್ಟಿಸಿದವನು ಅರಸನ ಭಾವಮೈದುನ ಹಿರಿಯ ತಿರುಮಲರಾಜ. ದೇವಾಲಯದ ಎದುರಿನ ಬೀದಿ ಅರಸನ ಹೆಸರು ಪಡೆಯಿತು. ಅವನ ಆಸ್ಥಾನದ ಕವಯಿತ್ರಿ ತಿರುಮಲಾಂಬೆ, ರಾಣಿ ವರದಾಂಬಿಕೆಯೊಡನೆ ಅವನ ವಿವಾಹವನ್ನು ಕುರಿತು ಸಂಸ್ಕೃತದಲ್ಲಿ ಚಂಪೂಕಾವ್ಯ ರಚಿಸಿದಳು.

ಆದರೆ ಜಗತ್ತು ಓದಿದ್ದು ಬೇರೊಂದು ಚಿತ್ರ. ಅದೇ ಕಾಲದಲ್ಲಿ ರಾಜಧಾನಿಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅವನನ್ನು ದುರ್ಬಲ, ದುರ್ವ್ಯಸನಿ ಎಂದು ಚಿತ್ರಿಸಿದ. 1900ರಲ್ಲಿ ರಾಬರ್ಟ್ ಸಿವೆಲ್ ಆ ಬರಹವನ್ನು ಇಂಗ್ಲಿಷ್‌ಗೆ ತಂದ. ಮುಂದೆ ಎನ್. ವೆಂಕಟರಮಣಯ್ಯನವರಂತಹ ಇತಿಹಾಸಕಾರರು ಶಾಸನ, ಕಾವ್ಯಗಳ ಆಧಾರದಿಂದ ಆ ಅಭಿಪ್ರಾಯವನ್ನು ತಿದ್ದಿದರೂ ಕಳಂಕ ಪೂರ್ಣ ಅಳಿಯಲಿಲ್ಲ.

1542ರಲ್ಲಿ ಅಚ್ಯುತ ತೀರಿಕೊಂಡ. ಪಟ್ಟವೇರಿದ ಮಗ ವೆಂಕಟನನ್ನು ಸೋದರಮಾವ ಚಿಕ್ಕ ತಿರುಮಲನೇ ಕೊಲ್ಲಿಸಿದ. ಅವನನ್ನು ಸೋಲಿಸಿದ ರಾಮರಾಯ ಸದಾಶಿವನನ್ನು ಹೆಸರಿಗೆ ಅರಸನನ್ನಾಗಿಸಿ ಅಧಿಕಾರ ಹಿಡಿದ. 1565ರ ರಕ್ಕಸ-ತಂಗಡಿ ಕದನದ ಬಳಿಕ ನಗರವೇ ಪಾಳುಬಿತ್ತು.

ವಿಚಿತ್ರವೆಂದರೆ, ತಿರುವೆಂಗಳನಾಥನ ಗುಡಿಯನ್ನು ಜನ ಇಂದು ಅಚ್ಯುತರಾಯನ ಗುಡಿ ಎನ್ನುತ್ತಾರೆ. ಅಚ್ಯುತನ ಬೀದಿಯನ್ನು ಮಾತ್ರ ಅವನ ಹೆಸರಿನಿಂದ ಕರೆಯುವುದಿಲ್ಲ. ಮುಂದಿನ ಬಾರಿ ಹಂಪಿಗೆ ಹೋದಾಗ ಆ ಕಲ್ಲುಕಂಬಗಳ ನಡುವೆ ಒಮ್ಮೆ ನಡೆಯಿರಿ. ಯಾರಾದರೂ ಬೀದಿಯ ಹೆಸರು ಕೇಳಿದರೆ ಅಚ್ಯುತಪೇಟೆ ಎಂದೇ ಹೇಳಿ.