ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ (ಏಪ್ರಿಲ್ 3, 1903 – ಅಕ್ಟೋಬರ್ 29, 1988) ಮಂಗಳೂರಿನಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜ ಸುಧಾರಕಿ ಹಾಗೂ ರಂಗಭೂಮಿ ಮತ್ತು ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ದುಡಿದ ಸಂಘಟಕಿ. 1926ರಲ್ಲಿ ಮದರಾಸು ವಿಧಾನ ಪರಿಷತ್ತಿಗೆ ದಕ್ಷಿಣ ಕನ್ನಡದಿಂದ ಸ್ಪರ್ಧಿಸಿದ ಅವರನ್ನು ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕೆ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂದು ಗುರುತಿಸಲಾಗುತ್ತದೆ. ಆ ಚುನಾವಣೆಯಲ್ಲಿ ಅವರು ಅತ್ಯಲ್ಪ ಅಂತರದಿಂದ ಸೋತರು. ಅವರ ಹೆಸರು ಇಂದು ಹೆಚ್ಚಾಗಿ ಕೈಮಗ್ಗ ಮತ್ತು ಕರಕುಶಲ ವಸ್ತುಗಳೊಂದಿಗೆ ತಳಕು ಹಾಕಿಕೊಂಡಿರುವುದರಿಂದ, ಹುಟ್ಟೂರಿನಲ್ಲಿ ನಡೆದ ಈ ಮೊದಲ ಸಾಹಸವು ಸ್ವಲ್ಪ ಮರೆಗೆ ಸರಿದಿದೆ.

ಬಾಲ್ಯ ಮತ್ತು ಕುಟುಂಬ

ಕಮಲಾದೇವಿಯವರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರಿ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿ ಓದು ಬಲ್ಲವರು, ಸ್ವತಂತ್ರ ಮನೋಭಾವದವರು. ರಮಾಬಾಯಿ ರಾನಡೆ ಮತ್ತು ಆನಿ ಬೆಸೆಂಟ್ ಅವರಂಥ ಸಾರ್ವಜನಿಕ ವ್ಯಕ್ತಿಗಳ ಪರಿಚಯ ಆ ಮನೆಗಿತ್ತು.

ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲವೂ ಮೊದಲ ಪತ್ನಿಯ ಮಗನಿಗೆ ಸೇರಿತು. ಗಿರಿಜಾಬಾಯಿ ಮತ್ತು ಅವರ ಹೆಣ್ಣುಮಕ್ಕಳಿಗೆ ಉಳಿದದ್ದು ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ನಿರಾಕರಿಸಿ, ತವರಿನಿಂದ ಬಂದ ಸ್ವತ್ತಿನ ಆಧಾರದ ಮೇಲೆಯೇ ಮಗಳನ್ನು ಬೆಳೆಸಿದರು. ಹಿರಿಯ ಮಗಳು ಸಗುಣಾ ಎಳೆಯ ವಯಸ್ಸಿನಲ್ಲೇ ನಿಧನಳಾದಳು. ಹೆಣ್ಣಿಗೆ ಆಸ್ತಿಯಲ್ಲಿ ಪಾಲಿಲ್ಲವೆಂಬ ಸಂಗತಿಯನ್ನು ಕಮಲಾದೇವಿ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಮುಂದೆ ಅವರು ಆಸ್ತಿಯ ಆಧಾರದ ಮೇಲೆ ನಿಂತಿದ್ದ ಮತದಾರರ ಪಟ್ಟಿಯನ್ನು ಎದುರಿಸಬೇಕಾಗಿ ಬಂದಾಗ ಈ ಹಿನ್ನೆಲೆಗೆ ವಿಶೇಷ ಅರ್ಥವಿತ್ತು.

ಅಂದಿನ ರೂಢಿಯಂತೆ ಬಾಲ್ಯದಲ್ಲೇ ಕೃಷ್ಣರಾವ್ ಎಂಬುವರೊಡನೆ ಅವರ ವಿವಾಹವಾಯಿತು. ಸ್ವಲ್ಪ ಕಾಲದಲ್ಲೇ ಅವರು ವಿಧವೆಯಾದರು. ಆದರೆ ವಿಧವೆಯರಿಗೆ ವಿಧಿಸಲಾಗುತ್ತಿದ್ದ ಕಟ್ಟುಪಾಡುಗಳಿಗೆ ತಾಯಿ ಅವಕಾಶ ಕೊಡಲಿಲ್ಲ, ಓದು ಮುಂದುವರಿಯಿತು. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿದ್ದಾಗ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಪರಿಚಯವಾಗಿ, ಅವರ ಮೂಲಕ ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಸ್ನೇಹವಾಯಿತು. ಇಬ್ಬರೂ ಮದುವೆಯಾದರು. ವಿಧವಾ ವಿವಾಹ, ಅದರಲ್ಲೂ ಬೇರೆ ಭಾಷೆ ಮತ್ತು ಸಮುದಾಯದವರೊಡನೆ ಆದ ವಿವಾಹ ಅಂದಿನ ಸಮಾಜದಲ್ಲಿ ದೊಡ್ಡ ಟೀಕೆಗೆ ಗುರಿಯಾಯಿತು. ಇವರ ಮಗ ರಾಮಕೃಷ್ಣ. ಕೆಲಕಾಲ ಲಂಡನ್ನಿನಲ್ಲಿದ್ದ ಕಮಲಾದೇವಿ ಅಲ್ಲಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯವರ ಚಳವಳಿಯ ಸೆಳೆತದಿಂದ ಭಾರತಕ್ಕೆ ಮರಳಿ, ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಸೇರಿ, ಸ್ವಯಂಸೇವಕಿಯರ ತರಬೇತಿಯಲ್ಲಿ ತೊಡಗಿದರು.

1926ರ ಚುನಾವಣೆ

ಹಿನ್ನೆಲೆ

ಅಂದು ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದ ಪಶ್ಚಿಮ ಅಂಚಿನ ಜಿಲ್ಲೆ. ಇಂದಿನ ಉಡುಪಿ ಜಿಲ್ಲೆ ಮತ್ತು ಕೇರಳಕ್ಕೆ ಸೇರಿರುವ ಕಾಸರಗೋಡು ಆಗ ಅದರ ಭಾಗವಾಗಿದ್ದವು. 1919ರ ಭಾರತ ಸರ್ಕಾರ ಕಾಯಿದೆಯ ಮೂಲಕ ಜಾರಿಗೆ ಬಂದ ಮಾಂಟೆಗು–ಚೆಮ್ಸ್‌ಫರ್ಡ್ ಸುಧಾರಣೆಗಳು ಪ್ರಾಂತೀಯ ಪರಿಷತ್ತುಗಳಲ್ಲಿ ಚುನಾಯಿತ ಸದಸ್ಯರಿಗೆ ಬಹುಮತ ಕೊಟ್ಟವು. ಮದರಾಸು ಪರಿಷತ್ತಿನಲ್ಲಿ 98 ಚುನಾಯಿತ ಸ್ಥಾನಗಳಿದ್ದವು. ಶಿಕ್ಷಣ, ಆರೋಗ್ಯ, ಸ್ಥಳೀಯ ಆಡಳಿತದಂಥ ಕೆಲವು ಖಾತೆಗಳು ಭಾರತೀಯ ಮಂತ್ರಿಗಳ ಕೈಗೆ ಬಂದವು. ಹಣಕಾಸು ಮತ್ತು ಪೊಲೀಸ್ ಗವರ್ನರರ ಹಿಡಿತದಲ್ಲೇ ಉಳಿದವು. ಇಂದಿನ ವಿಧಾನಸಭೆಗಳಿಗೆ ಹೋಲಿಸಿದರೆ ಅಧಿಕಾರ ಸೀಮಿತವಾಗಿತ್ತಾದರೂ, ರಾಜ್ಯ ಶಾಸನಸಭೆಗಳ ಪೂರ್ವರೂಪ ಅದೇ.

ಮಹಿಳೆಯರ ಮತದಾನದ ಪ್ರಶ್ನೆಯನ್ನು ಬ್ರಿಟಿಷ್ ಸರ್ಕಾರ ತಾನೇ ತೀರ್ಮಾನಿಸದೆ ಪ್ರಾಂತ್ಯಗಳ ಪರಿಷತ್ತುಗಳಿಗೆ ಬಿಟ್ಟುಕೊಟ್ಟಿತು. 1917ರಲ್ಲಿ ಅಡಯಾರಿನಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಮಹಿಳಾ ಸಂಘವು ಇದಕ್ಕಾಗಿ ಆಗಲೇ ಒತ್ತಾಯ ಆರಂಭಿಸಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವೊಂದು ಭಾರತ ವ್ಯವಹಾರಗಳ ಸಚಿವ ಮಾಂಟೆಗು ಅವರನ್ನು ಮದರಾಸಿನಲ್ಲಿ ಭೇಟಿಯಾಗಿತ್ತು. 1921ರಲ್ಲಿ ಮದರಾಸು ಪರಿಷತ್ತು ಮಹಿಳೆಯರಿಗೆ ಪುರುಷರಷ್ಟೇ ಅರ್ಹತೆಯ ಮೇಲೆ ಮತದಾನದ ಹಕ್ಕು ನೀಡಿತು. ಬ್ರಿಟಿಷ್ ಭಾರತದ ಪ್ರಾಂತ್ಯಗಳಲ್ಲಿ ಇದು ಮೊದಲನೆಯದು.

ಆದರೆ ಈ ಸಮಾನತೆ ಕಾಗದದ ಮೇಲಿನದು. ಮತದಾರನಾಗಲು ನಿಗದಿತ ಪ್ರಮಾಣದ ಭೂಮಿ, ಕಂದಾಯ ಅಥವಾ ತೆರಿಗೆ ಸ್ವಂತ ಹೆಸರಿನಲ್ಲಿರಬೇಕಿತ್ತು. ಹಿಂದೂ ಹೆಣ್ಣುಮಕ್ಕಳಲ್ಲಿ ಅಂಥವರು ಬಹಳ ವಿರಳ. ತುಳುನಾಡಿನಲ್ಲಿ ಅಳಿಯಸಂತಾನ ಪದ್ಧತಿ ಬಲವಾಗಿದ್ದು, ಅನೇಕ ಸಮುದಾಯಗಳಲ್ಲಿ ವಂಶ ಹೆಣ್ಣಿನ ಮೂಲಕವೇ ಸಾಗುತ್ತಿತ್ತು ನಿಜ. ಹಾಗಿದ್ದರೂ ಕುಟುಂಬದ ಆಸ್ತಿಯ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು. ಒಟ್ಟಿನಲ್ಲಿ ಮತದಾರರ ಪಟ್ಟಿಯಲ್ಲಿ ಬಹುಪಾಲು ಭೂಮಾಲೀಕರು, ವ್ಯಾಪಾರಿಗಳು ಮತ್ತು ವಕೀಲರೇ ತುಂಬಿದ್ದರು. ಗೇಣಿದಾರರಿಗೂ ಕೂಲಿಕಾರರಿಗೂ ಅದರಲ್ಲಿ ಜಾಗ ಸಿಗುವುದು ಕಷ್ಟವಿತ್ತು.

ಇನ್ನೊಂದು ತೊಡಕು ಉಳಿದಿತ್ತು. ಮಹಿಳೆಯರು ಮತ ಹಾಕಬಹುದಿತ್ತು, ಆದರೆ ಅಭ್ಯರ್ಥಿಯಾಗುವಂತಿರಲಿಲ್ಲ. ಈ ನಿರ್ಬಂಧ ತೆರವಾದದ್ದು 1926ರಲ್ಲಿ. ಮದರಾಸಿನ ಮೂರನೆಯ ಪರಿಷತ್ತಿಗೆ ಅದೇ ವರ್ಷದ ನವೆಂಬರಿನಲ್ಲಿ ಚುನಾವಣೆ ನಡೆಯಬೇಕಿತ್ತು.

ಉಮೇದುವಾರಿಕೆ

ಕಮಲಾದೇವಿ ಕಣಕ್ಕಿಳಿಯಲು ಮುಖ್ಯ ಪ್ರೇರಣೆ ಮಾರ್ಗರೆಟ್ ಕಸಿನ್ಸ್. ಐರ್ಲೆಂಡಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡಿದ್ದ ಈಕೆ 1915ರಲ್ಲಿ ಭಾರತಕ್ಕೆ ಬಂದಿದ್ದರು. ಭಾರತೀಯ ಮಹಿಳಾ ಸಂಘದ ಸ್ಥಾಪಕರಲ್ಲಿ ಒಬ್ಬರು. ಅವರಿಗೆ ಮಂಗಳೂರು ಹೊಸದಲ್ಲ. 1919–20ರಲ್ಲಿ ಅಲ್ಲಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿ ಕೆಲಸ ಮಾಡಿದ್ದರು. ಅವಕಾಶದ ಬಾಗಿಲು ತೆರೆದ ವರ್ಷವೇ ಯಾರಾದರೂ ಒಳಗೆ ಕಾಲಿಡದಿದ್ದರೆ, ಹಕ್ಕು ಕೇವಲ ನಿಯಮಾವಳಿಯ ಸಾಲಾಗಿ ಉಳಿದುಬಿಡುತ್ತಿತ್ತು. ಇದು ಕಸಿನ್ಸ್ ಅವರ ಒತ್ತಾಯದ ಹಿಂದಿದ್ದ ತರ್ಕ.

ಕಮಲಾದೇವಿಗೆ ಆಗ ಇಪ್ಪತ್ತಮೂರು ವರ್ಷ. ರಾಜಕೀಯ ಪಕ್ಷವೊಂದರ ಬೆಂಬಲವಿಲ್ಲದೆ ಸ್ವತಂತ್ರ ಅಭ್ಯರ್ಥಿಯಾಗಿ ಅವರು ನಿಂತರು. ನಿರ್ಧಾರ ತಡವಾಗಿ ಆದದ್ದರಿಂದ ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನಗಳು. ಮೊದಲ ಬಾರಿ ಸ್ಪರ್ಧಿಸುವ ಯಾರಿಗೂ ಎದುರಾಗುವ ಕೊರತೆಗಳೆಲ್ಲ ಅವರಿಗೂ ಇದ್ದವು: ಕಾರ್ಯಕರ್ತರ ಜಾಲವಿಲ್ಲ, ಹಿಂದಿನ ಚುನಾವಣೆಯ ಅನುಭವವಿಲ್ಲ, ಸಮಯವಂತೂ ಇಲ್ಲವೇ ಇಲ್ಲ. ಇದರ ಮೇಲೆ, ಮಹಿಳಾ ಅಭ್ಯರ್ಥಿಯನ್ನು ಹಿಂದೆ ಯಾರೂ ಕಂಡಿರಲಿಲ್ಲವಾದ್ದರಿಂದ ಅನುಸರಿಸಬಹುದಾದ ಮಾದರಿಯೂ ಇರಲಿಲ್ಲ.

ಜಿಲ್ಲೆಯ ಭೂಸ್ವರೂಪವೂ ಪ್ರಚಾರಕ್ಕೆ ಅನುಕೂಲವಾಗಿರಲಿಲ್ಲ. ಬಯಲುಸೀಮೆಯಂತೆ ಒತ್ತೊತ್ತಾದ ಮನೆಗಳ ಹಳ್ಳಿಗಳು ಇಲ್ಲಿಲ್ಲ. ಸಿದ್ಧಕಟ್ಟೆ, ವೇಣೂರು, ಮೂಡುಬಿದಿರೆ ಸುತ್ತಮುತ್ತಲಿನ ಒಳನಾಡಿನಲ್ಲಿ ಗದ್ದೆಗೊಂದು, ಗುಡ್ಡೆಗೊಂದು ಎಂಬಂತೆ ಮನೆಗಳು ಚದುರಿಕೊಂಡಿದ್ದು, ನಡುವೆ ಹೊಳೆ ತೋಡುಗಳು ಹರಿಯುತ್ತವೆ. ಮನೆಮಾತುಗಳೂ ಬೇರೆ ಬೇರೆ: ತುಳು, ಕೊಂಕಣಿ, ಕನ್ನಡ, ಬ್ಯಾರಿ, ತೆಂಕಣಕ್ಕೆ ಹೋದಂತೆ ಮಲಯಾಳ. ಇಂಥ ಕಡೆ ಮತದಾರರನ್ನು ತಲಪಲು ವಾರಗಳೇ ಬೇಕು. ಹಳೆಯ ಮನೆತನಗಳ ಸಂಬಂಧಗಳ ಬಲವಿದ್ದ ಅಭ್ಯರ್ಥಿಗೆ ಇದು ಅಷ್ಟು ದೊಡ್ಡ ಸಮಸ್ಯೆಯಲ್ಲ, ಹೊಸಬರಿಗೆ ಹಾಗಲ್ಲ. ಕಮಲಾದೇವಿಯ ಪಾಲಿಗೆ ಮಂಗಳೂರು ಹುಟ್ಟೂರಾಗಿದ್ದರೂ ಅವರ ಪುನರ್ವಿವಾಹವನ್ನು ಊರು ಮರೆತಿರಲಿಲ್ಲ.

ಫಲಿತಾಂಶ

ಅವರು ಸೋತರು. ಅಂತರ ಕೇವಲ 55 ಮತಗಳೆಂದು ಅವರ ಜೀವನ ವೃತ್ತಾಂತಗಳು ದಾಖಲಿಸಿವೆ. ಗಂಡಸರೇ ತುಂಬಿದ್ದ, ಸ್ಥಿತಿವಂತರ ಮತದಾರಪಟ್ಟಿಯಲ್ಲಿ, ಕೆಲವೇ ದಿನಗಳ ಪ್ರಚಾರದಿಂದ ಇಷ್ಟು ಹತ್ತಿರಕ್ಕೆ ಬಂದದ್ದು ಗಮನಾರ್ಹ. ಅಂದರೆ ಅವರಿಗೆ ಬಿದ್ದ ಮತಗಳಲ್ಲಿ ಬಹುಪಾಲು ಪುರುಷರದೇ ಆಗಿರಬೇಕು. ಮಹಿಳೆಯನ್ನು ಪ್ರತಿನಿಧಿಯಾಗಿ ಒಪ್ಪಲು ಸಮಾಜ ಸಿದ್ಧವಿಲ್ಲವೆಂಬ ವಾದಕ್ಕೆ ಈ ಲೆಕ್ಕ ಪೆಟ್ಟು ಕೊಟ್ಟಿತು.

ಆ ಚುನಾವಣೆಯಿಂದ ಮದರಾಸು ಪರಿಷತ್ತಿಗೆ ಯಾವ ಮಹಿಳೆಯೂ ಆಯ್ಕೆಯಾಗಲಿಲ್ಲ. ಬಳಿಕ ಸರ್ಕಾರವು ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿಯವರನ್ನು ಸದಸ್ಯೆಯಾಗಿ ನಾಮಕರಣ ಮಾಡಿತು. ಅವರು 1927ರಲ್ಲಿ ಪರಿಷತ್ತಿನ ಉಪಾಧ್ಯಕ್ಷೆಯೂ ಆದರು. ದೇವದಾಸಿ ಪದ್ಧತಿಯ ವಿರುದ್ಧ ಅವರು ನಡೆಸಿದ ಶಾಸನಾತ್ಮಕ ಹೋರಾಟ ಪ್ರಸಿದ್ಧ. ಪರಿಷತ್ತನ್ನು ಪ್ರವೇಶಿಸಿದ ಮೊದಲ ಮಹಿಳೆ ಮುತ್ತುಲಕ್ಷ್ಮಿಯವರು, ಸ್ಪರ್ಧಿಸಿದ ಮೊದಲಿಗರು ಕಮಲಾದೇವಿ. ಈ ಎರಡು ಸಂಗತಿಗಳನ್ನು ಕೆಲವೆಡೆ ಬೆರೆಸಿ ಹೇಳುವುದುಂಟು.

ಮಹಿಳಾ ಚಳವಳಿ ಮತ್ತು ಸ್ವಾತಂತ್ರ್ಯ ಹೋರಾಟ

1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಆರಂಭವಾದಾಗ ಕಮಲಾದೇವಿ ಅದರ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ಶಿಕ್ಷಣವನ್ನೇ ಮುಖ್ಯವಾಗಿಟ್ಟುಕೊಂಡು ಹುಟ್ಟಿದ ಈ ಸಂಸ್ಥೆ ಬಾಲ್ಯವಿವಾಹ ನಿಷೇಧದಂಥ ವಿಷಯಗಳನ್ನು ಬಹುಬೇಗ ಕೈಗೆತ್ತಿಕೊಂಡಿತು. 1929ರ ಶಾರದಾ ಕಾಯಿದೆಯ ಪರವಾಗಿ ಅಭಿಪ್ರಾಯ ರೂಪಿಸಿತು. ದೆಹಲಿಯ ಲೇಡಿ ಇರ್ವಿನ್ ಕಾಲೇಜು ಇದೇ ಸಂಸ್ಥೆಯ ಪ್ರಯತ್ನದಿಂದ 1932ರಲ್ಲಿ ಆರಂಭವಾಯಿತು. 1929ರಲ್ಲಿ ಬರ್ಲಿನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಕಮಲಾದೇವಿ ಭಾಗವಹಿಸಿದ್ದರು.

ಮತದಾನದ ವಿಷಯದಲ್ಲಿ ಸಮ್ಮೇಳನದ ನಿಲುವು ವಯಸ್ಕರೆಲ್ಲರಿಗೂ ಹಕ್ಕಿರಬೇಕು, ಮಹಿಳೆಯರಿಗೆ ಪ್ರತ್ಯೇಕ ಮೀಸಲು ಸ್ಥಾನ ಬೇಡ ಎಂಬುದಾಗಿತ್ತು. 1935ರ ಕಾಯಿದೆ ಇದಕ್ಕೆ ವ್ಯತಿರಿಕ್ತವಾಗಿ ಮೀಸಲು ಸ್ಥಾನಗಳನ್ನು ಕೊಟ್ಟಿತು. ಮದರಾಸು ವಿಧಾನಸಭೆಯಲ್ಲಿ ಮಹಿಳೆಯರಿಗೆ 8 ಸ್ಥಾನಗಳು ದೊರೆತವು. ಆಸ್ತಿಯ ಅರ್ಹತೆ ಪೂರ್ತಿ ಅಳಿಯಲು ಗಣರಾಜ್ಯದ ಸಂವಿಧಾನವೇ ಬರಬೇಕಾಯಿತು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ದಂಡಿಯಾತ್ರೆಯ ತಂಡಕ್ಕೆ ಮಹಿಳೆಯರನ್ನು ಸೇರಿಸಿಕೊಳ್ಳಲು ಗಾಂಧೀಜಿ ಮೊದಲು ಒಪ್ಪಿರಲಿಲ್ಲ. ಅವರ ಮನವೊಲಿಸಿ ಸತ್ಯಾಗ್ರಹದ ಬಾಗಿಲನ್ನು ಮಹಿಳೆಯರಿಗೆ ತೆರೆಸಿದವರಲ್ಲಿ ಕಮಲಾದೇವಿ ಪ್ರಮುಖರು. ಮುಂಬಯಿಯ ಕಡಲತೀರದಲ್ಲಿ ಉಪ್ಪು ತಯಾರಿಸಲು ಹೊರಟ ಮೊದಲ ಏಳು ಜನರ ತಂಡದಲ್ಲಿ ಅವರೂ ಅವಂತಿಕಾಬಾಯಿ ಗೋಖಲೆಯವರೂ ಇದ್ದರು. ಉಪ್ಪಿನ ಪೊಟ್ಟಣಗಳನ್ನು ಷೇರುಪೇಟೆಯೊಳಗೂ ಒಯ್ದು ಮಾರಿದ ಕಮಲಾದೇವಿ ಬಂಧನಕ್ಕೊಳಗಾದರು. ಮುಂದೆಯೂ ಹಲವು ಬಾರಿ ಅವರು ಸೆರೆವಾಸ ಅನುಭವಿಸಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು.

ಹರೀಂದ್ರನಾಥರೊಂದಿಗಿನ ದಾಂಪತ್ಯ ಹೆಚ್ಚು ಕಾಲ ಉಳಿಯಲಿಲ್ಲ. ಇಬ್ಬರೂ ಕಾನೂನುಬದ್ಧವಾಗಿ ಬೇರ್ಪಟ್ಟರು. ಹರೀಂದ್ರನಾಥರು 1952ರಲ್ಲಿ ವಿಜಯವಾಡದಿಂದ ಲೋಕಸಭೆಗೆ ಆಯ್ಕೆಯಾದರೆಂಬುದು ಇಲ್ಲಿ ನೆನೆಯಬಹುದಾದ ಸಂಗತಿ.

ರಂಗಭೂಮಿ ಮತ್ತು ಚಲನಚಿತ್ರ

ಮರ್ಯಾದಸ್ಥ ಮನೆತನದ ಮಹಿಳೆಯರು ರಂಗವೇರುವುದು ತಪ್ಪೆಂದು ಎಣಿಸುತ್ತಿದ್ದ ಕಾಲದಲ್ಲಿ ಕಮಲಾದೇವಿ ನಾಟಕಗಳಲ್ಲಿ ಅಭಿನಯಿಸಿದರು. ಶೂದ್ರಕನ ನಾಟಕವನ್ನು ಆಧರಿಸಿ ಮೋಹನ್ ಭವನಾನಿ ನಿರ್ದೇಶಿಸಿದ ಮೂಕಿ ಚಿತ್ರ ‘ವಸಂತಸೇನಾ’ದಲ್ಲಿ ನಟಿಸಿದರು. 1943ರ ‘ತಾನ್‌ಸೇನ್’ ಹಿಂದಿ ಚಿತ್ರದಲ್ಲೂ ಅವರ ಪಾತ್ರವಿದೆ.

ಸ್ವಾತಂತ್ರ್ಯಾನಂತರ

ದೇಶವಿಭಜನೆಯ ನಂತರ ಅವರ ಗಮನ ನಿರಾಶ್ರಿತರತ್ತ ಹರಿಯಿತು. ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿ, ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ಜನರ ಪುನರ್ವಸತಿಗಾಗಿ ದೆಹಲಿಯ ಬಳಿ ಫರೀದಾಬಾದ್ ನಗರದ ನಿರ್ಮಾಣದಲ್ಲಿ ತೊಡಗಿದರು. ನಿರಾಶ್ರಿತರಿಗೆ ಉದ್ಯೋಗ ಹುಡುಕುತ್ತ ಹೋದ ಕೆಲಸವೇ ಅವರನ್ನು ಕರಕುಶಲ ಕ್ಷೇತ್ರಕ್ಕೆ ತಂದಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ವಹಿಸಿಕೊಂಡು, ಕಸಬುದಾರರನ್ನು ಹುಡುಕಿ ಹಳ್ಳಿಹಳ್ಳಿ ಸುತ್ತಿದರು. 1964ರಲ್ಲಿ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಯಲ್ಲಿ ಪಾತ್ರ ವಹಿಸಿದರು. ಬೆಂಗಳೂರಿನ ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕಥಕ್ ಆ್ಯಂಡ್ ಕೊರಿಯೋಗ್ರಫಿ ಆರಂಭವಾಗಲು ಕಾರಣರಾದವರೂ ಅವರೇ. ಅಧಿಕಾರ ರಾಜಕಾರಣದಿಂದ ದೂರ ಉಳಿದ ಅವರು ಯಾವ ಶಾಸನಸಭೆಯ ಸದಸ್ಯೆಯೂ ಆಗಲಿಲ್ಲ.

ಪ್ರಶಸ್ತಿಗಳು ಮತ್ತು ನಿಧನ

ಅವರಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ, 1974ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಮತ್ತು 1987ರಲ್ಲಿ ಪದ್ಮವಿಭೂಷಣ ದೊರೆತವು. ಇಂಗ್ಲಿಷಿನಲ್ಲಿ ಬರೆದ ಅವರ ಆತ್ಮಕಥನ ‘ಇನ್ನರ್ ರಿಸೆಸಸ್, ಔಟರ್ ಸ್ಪೇಸಸ್’ 1986ರಲ್ಲಿ ಪ್ರಕಟವಾಯಿತು. ಅಕ್ಟೋಬರ್ 29, 1988ರಂದು ತಮ್ಮ 85ನೇ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.